ಒಂದೇ ಮೈಕಿನ ಮುಂದೆ ಇಬ್ಬರು

ಸೋಮವಾರ, 4 ಅಕ್ಟೋಬರ್ 1971, ನ್ಯಾಶ್‌ವಿಲ್

ಮತ್ತೆ ರಿಹರ್ಸಲ್. ಒಂದೇ ಮೈಕು, ಎದುರುಬದುರು ನಾನು, ನನ್ನ ಜೋಡಿಗಾಯಕ ಹಾರ್ಲನ್. ಅವನ ಪ್ರತಿ ಸಾಲಿಗೂ ಮೊದಲು ನಾನು ಗದ್ದ ಎತ್ತಬೇಕು, ಬಾಯಿ ಅಗಲಿಸಬೇಕು. ಅದನ್ನು ನೋಡಿಯೇ ಅವನು ಹಾಡು ಎತ್ತಿಕೊಳ್ಳುವುದು. ಅವನ ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿದೆ. ಗೊತ್ತಿರುವುದು ನನಗೊಬ್ಬಳಿಗೇ. ಗಂಡನಿಗೂ ಹೇಳಬಾರದೆಂದು ಬೈಬಲ್ ಮೇಲೆ ಕೈ ಇಡಿಸಿದ್ದಾನೆ.

ಜನ ಮಾತ್ರ "ಆ ನೋಟ ನೋಡಿ, ಎಂಥ ಪ್ರೀತಿ" ಎಂದು ಕರ್ಚೀಫು ತೆಗೆಯುತ್ತಾರೆ. ಪ್ರೀತಿಯಂತೆ, ಮಣ್ಣು. ಅವನು ನೋಡುವುದು ನನ್ನ ಹಲ್ಲು.

ಶನಿವಾರ ಸಭಾಂಗಣದಲ್ಲಿ ಜನರೆದುರು ಹಾಡು, ರೇಡಿಯೋದಲ್ಲಿ ನೇರ ಪ್ರಸಾರ. ಅದನ್ನು ಕೇಳಿ ರೆಕಾರ್ಡ್ ಕಂಪನಿಯ ಪ್ರುಯಿಟ್ ನಮ್ಮ ಹೊಸ ಒಪ್ಪಂದ ತೀರ್ಮಾನಿಸುತ್ತಾನೆ. ಕಿವಿಯ ವಿಷಯ ತಿಳಿದರೆ ಹಾರ್ಲನ್ ಕಥೆ ಅಲ್ಲಿಗೆ ಮುಗಿಯಿತು.

ಬುಧವಾರ, 6

ರಾಯ್ಸ್ ಮುಖ ಊದಿಸಿಕೊಂಡು ಊಟಕ್ಕೆ ಬಂದ. ಬೇರೊಂದು ತಂಡದಲ್ಲಿ ಸ್ಟೀಲ್ ಗಿಟಾರ್ ನುಡಿಸುತ್ತಾನೆ ನನ್ನ ಗಂಡ.

"ಕ್ಷೌರದಂಗಡೀಲಿ ಏನಂದ್ರು ಗೊತ್ತಾ? 'ರಾಯ್ಸ್, ಶನಿವಾರ ಬಂದ್ರೆ ನಿನ್ ಹೆಂಡ್ತೀನ ಹಾರ್ಲನ್‌ಗೆ ಬಾಡಿಗೆಗೆ ಕೊಡ್ತೀಯಂತೆ' ಅಂತ."

"ಅವ್ರಿಗೇನು ಕೆಲ್ಸ. ಬೀನ್ಸ್ ಆರ್ತಾ ಇದೆ, ತಿನ್ನು."

"ನನ್ನನ್ನ ಯಾವತ್ತಾದ್ರೂ ಹಾಗೆ ನೋಡಿದೀಯಾ ನೀನು?"

"ನೀನು ಹಾಡಲ್ವಲ್ಲ."

ತಮಾಷೆಗೆ ಅಂದೆ. ನಗಲಿಲ್ಲ. ತಟ್ಟೆ ದೂಡಿದ.

"ಈ ಶನಿವಾರ ಮುಂದಿನ ಸಾಲಲ್ಲೇ ಕೂತಿರ್ತೀನಿ. ಜನರ ಕಡೆ ಮುಖ ಮಾಡಿ ಹಾಡು. ಅವನ ಮುಖ ನೋಡಿದ್ಯೋ, ಎದ್ದು ಹೋಗ್ತೀನಿ ನೆಲ್ಡಾ. ಮನೆಗೂ ಬರಲ್ಲ."

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವನು ಉಣ್ಣಲೂ ಇಲ್ಲ.

ಶನಿವಾರ, 9, ಮಧ್ಯಾಹ್ನ

ಬರೆಯಲು ಕೈ ಬಂದಿರಲಿಲ್ಲ. ಮನೆಯಲ್ಲಿ ಮಾತೇ ಇಲ್ಲ... ಇವತ್ತು ನಾನು ಹಾರ್ಲನ್‌ನ ಕಾಲು ಹಿಡಿಯುವುದೊಂದು ಬಾಕಿ — ರಾಯ್ಸ್‌ಗೆ ಹೇಳಿಬಿಡುತ್ತೇನೆ, ಬಿಡು ಎಂದೆ. ನನ್ನ ತುಟಿ ನೋಡಿ ಅರ್ಥಮಾಡಿಕೊಂಡು ಅವನು ತಲೆ ಅಡ್ಡಡ್ಡ ಆಡಿಸಿದ.

"ರಾಯ್ಸ್ ಒಳ್ಳೆಯವನೇ. ಆದ್ರೆ ಗಿಟಾರಿನವ್ರ ಬಾಯಿ ಗೊತ್ತಲ್ಲ, ಸಂಜೆ ಹೊತ್ತಿಗೆ ಊರೆಲ್ಲ ಆಗಿರುತ್ತೆ. ಹಾಡು ಬಿಟ್ರೆ ನನಗೇನು ಬರುತ್ತೆ ಹೇಳು. ಲಾರಿ ಓಡಿಸ್ಲಾ, ಹಾರ್ನ್ ಕೇಳಿಸದೆ?"

ಅತ್ತ ದರಿ, ಇತ್ತ ಪುಲಿ. ಒಂದೇ ಉಪಾಯ — ಮೊದಲ ಚರಣ ನನ್ನೊಬ್ಬಳದೇ. ಅಷ್ಟನ್ನು ಜನರತ್ತ ಹಾಡುವುದು. ಹಾರ್ಲನ್ ಸೇರಿಕೊಳ್ಳುವ ಮೊದಲು ಅವನತ್ತ ತಿರುಗುವುದು. ಅಷ್ಟಕ್ಕೇ ರಾಯ್ಸ್‌ಗೆ ಸಮಾಧಾನವಾಗಲಿ ದೇವರೇ.

ಭಾನುವಾರ, 10, ಬೆಳಿಗ್ಗೆ

ಎಲ್ಲ ಕೆಟ್ಟಿತು.

ಜನರತ್ತ ಹಾಡಿದೆ. ಮುಂದಿನ ಸಾಲಲ್ಲಿ ರಾಯ್ಸ್, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನನ್ನನ್ನು ನೋಡಿ ಸಣ್ಣಗೆ ನಕ್ಕ, ಈ ವಾರದಲ್ಲಿ ಮೊದಲ ಸಲ. ನೋಡುತ್ತಾ ಇದ್ದುಬಿಟ್ಟೆ. ಚರಣ ಮುಗಿದಿದೆ, ವಾದ್ಯ ಹೊರಟಿದೆ, ಹಾರ್ಲನ್ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ. ಥಟ್ಟನೆ ತಿರುಗಿ ಗದ್ದ ಎತ್ತಿದೆ. ಅವನು ಅರ್ಧ ಸಾಲು ತಡವಾಗಿ ಶುರುಮಾಡಿದ. ಆಮೇಲೆ ಸರಿಹೋಯಿತು, ಚಪ್ಪಾಳೆಯೂ ಬಿತ್ತು.

ರಾಯ್ಸ್ ಕುರ್ಚಿ ಖಾಲಿ. ಇನ್ನೂ ಮನೆಗೆ ಬಂದಿಲ್ಲ. ಚರ್ಚಿಗೆ ಹೋಗಲು ನನಗೆ ಮುಖವಿಲ್ಲ.

ಅದೇ ದಿನ, ಮಧ್ಯಾಹ್ನ

ಬಂದ. ಟೋಪಿಯನ್ನೂ ತೆಗೆಯದೆ ಅಡುಗೆಮನೆ ಬಾಗಿಲಲ್ಲಿ ನಿಂತ.

"ಅವನಿಗೆ ಯಾವಾಗಿಂದ ಕೇಳಿಸ್ತಿಲ್ಲ?"

ಆಣೆ ಇದೆ. ಒಲೆಯ ಕಡೆ ತಿರುಗಿಕೊಂಡೆ.

"ಹೇಳ್ಬೇಡ ಬಿಡು. ಡ್ರಮ್ಮು ಅಷ್ಟು ಕರೀತಿದ್ರೂ ಕಂಬದ ಹಾಗೆ ನಿಂತಿದ್ದ. ನೀನು ತಿರುಗಿದ ಮೇಲೇ ಬಾಯಿ ತೆಗೆದಿದ್ದು. ಸಿಟ್ಟಲ್ಲಿ ಎದ್ದು ಹೋದೆ. ಟ್ರಕ್ಕಲ್ಲಿ ಕೂತ ಮೇಲೆ ಹೊಳೀತು. ನಾನೂ ವಾದ್ಯದವನಲ್ವಾ." ಕಣ್ಣು ತಗ್ಗಿಸಿದ. "ಕ್ಷೌರದಂಗಡಿ ಮಾತು ಕೇಳ್ಕೊಂಡು ನಿನ್ನನ್ನ..."

ಫೋನ್ ಬಂತು. ರಾಯ್ಸ್‌ನೇ ಎತ್ತಿದ. ಪ್ರುಯಿಟ್. ನಿನ್ನೆ ಹಾರ್ಲನ್‌ಗೆ ಏನಾಗಿತ್ತು ಎಂದು ಅವನು ಕೂಗಿದ್ದು ನನಗೂ ಕೇಳಿಸಿತು. ಗಿಟಾರಿನವರ ಬಾಯಿ. ಹಾರ್ಲನ್ ಹೇಳಿದ್ದು ನೆನಪಾಯಿತು.

"ಹಾರ್ಲನ್‌ದೇನೂ ತಪ್ಪಿಲ್ಲ ಸಾರ್," ಎಂದ ರಾಯ್ಸ್. "ನನ್ನ ಹೆಂಡ್ತೀದು. ನಾನು ಮುಂದೇನೇ ಕೂತಿದ್ದೆ. ನನ್ನನ್ನ ನೋಡ್ತಾ ಮೈಮರೆತು ಅವನನ್ನ ತಪ್ಪಿಸಿದ್ಲು."

ನಾಳೆ ಕಂಪನಿ ಆಫೀಸಿಗೆ ನಾನೊಬ್ಬಳೇ ಬರಬೇಕಂತೆ. ಪ್ರುಯಿಟ್ ಅಪ್ಪಣೆ. ಹಾರ್ಲನ್ ಉಳಿದ. ಒಪ್ಪಂದದಲ್ಲಿ ನನ್ನ ಹೆಸರು ಉಳಿಯುತ್ತದೋ ಇಲ್ಲವೋ. ಫೋನಿಟ್ಟ ಮೇಲೆ ಅದು ರಾಯ್ಸ್‌ಗೂ ಹೊಳೆಯಿತು, ಮುಖ ಬಿಳಿಚಿಕೊಂಡಿತು. ಸಿಟ್ಟು ಬರಬೇಕಿತ್ತು ನನಗೆ. ಬರಲಿಲ್ಲ. ಹೋಗಿ ತಪ್ಪು ನನ್ನದೇ ಎನ್ನುತ್ತೇನೆ. ಅದು ಸುಳ್ಳೂ ಅಲ್ಲ. ಅಷ್ಟು ಜನರ ನಡುವೆ ನಾನು ನಿಜವಾಗಿಯೂ ರಾಯ್ಸ್‌ನನ್ನೇ ನೋಡುತ್ತಿದ್ದೆ.