ಸೋತವರ ಊಟ

ಫೆಬ್ರವರಿ ಕೊನೆ, ೧೯೭೮

ಅಪ್ಪಾ,

ನೀನಿಲ್ಲದ ಮೊದಲ ಚುನಾವಣೆ ಮುಗಿಯಿತು. ಗಡಿ ಬದಲಿಸಿ ನಮ್ಮೂರನ್ನು ಸವದತ್ತಿ ಕಡೆಯಿಂದ ತೆಗೆದು ರಾಮದುರ್ಗ ಕ್ಷೇತ್ರಕ್ಕೆ ಸೇರಿಸಿದ್ದಾರೆ.

ಫಲಿತಾಂಶ ಬಂದಾಗಲೆಲ್ಲ ನೀನು ಸೋತವರನ್ನೇ ಮನೆಗೆ ಕರೆದು ಉಣ್ಣಿಸುತ್ತಿದ್ದೆ. "ಗೆದ್ದಾಂವಗ ಊರೆಲ್ಲಾ ಉಣ್ಣಾಕ ಹಾಕತೈತಿ" ಎನ್ನುತ್ತಿದ್ದೆ. ಹಿಂದಿನ ಸಲ ಸೋತು ನಮ್ಮಲ್ಲಿ ಉಂಡು ಹೋಗಿದ್ದ ಬಸಲಿಂಗಪ್ಪನವರು ಈ ಸಲವೂ ಸೋತರೆಂದು ರೇಡಿಯೋದಲ್ಲಿ ಕೇಳಿದ್ದೇ ತಡ, ಅವರೂರು ಮನೋಳಿಗೆ ಹೋಗುವ ಬಸ್ಸಿನ ಕಂಡಕ್ಟರನ ಕೈಯಲ್ಲಿ ಊಟಕ್ಕೆ ಹೇಳಿಕಳಿಸಿದೆ. ಮರುದಿನ ಅವರು ಹೊಸಿಲು ದಾಟುವಾಗ ನೆನಪಾಯಿತು, ಅವರು ನಿಂತದ್ದು ಸವದತ್ತಿ ಕಡೆ, ನಾವೀಗ ಅಲ್ಲಿಯವರಲ್ಲ.

"ತಪ್ಪಾತ್ರೀ. ನಮ್ಮೂರು ಈಗ ನಿಮ್ಮ ಕ್ಷೇತ್ರದಾಗಿಲ್ಲ" ಎಂದೆ.

"ಗೊತ್ತೈತಿ ತಂಗಿ. ರೊಟ್ಟಿ ನೀಡು."

ಸೋತವರಿಗಾಗಿ ನಾನು ಸಿಟ್ಟಿಲ್ಲದೆ ರೊಟ್ಟಿ ಬಡಿದದ್ದು ಇದೇ ಮೊದಲು, ಅಪ್ಪಾ. ನೀನಿದ್ದರೆ ಬಡಿಯುವ ಸದ್ದಿನಲ್ಲೇ ನಿನಗೆ ತಿಳಿಯುತ್ತಿತ್ತು. ನೀನು ಊಟಕ್ಕೆ ಕೂರುತ್ತಿದ್ದ ಮಣೆಯನ್ನೂ ಅವರೆದುರಿಗೆ ಹಾಕಿದ್ದೆ. ಅವರು ಬದನೆಕಾಯಿ ಪಲ್ಯ ಕೇಳಿ ಹಾಕಿಸಿಕೊಂಡು ಉಂಡರು. ಕೈ ತೊಳೆಯುತ್ತ ಕೇಳಿದರು:

"ಹಿಂದಿನ ಸಲ ನಾ ಸೋತಾಗ ನಿಮ್ಮಪ್ಪಾರು ಓಟು ಯಾರಿಗೆ ಹಾಕಿದ್ರು?"

ನಿನ್ನ ಮಣೆಯ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಿಮಗಲ್ರೀ" ಎಂದೆ.

"ಅದೂ ಗೊತ್ತಿತ್ತು" ಎಂದು ಖಾಲಿ ಮಣೆಗೆ ಕೈಮುಗಿದರು. "ಅದಕ್ಕ ಬಂದೇನಿ."