ಕುದುರೆ ಕೊಯ್ಯದ ಸಾವಿನ ಮನೆ

ಅಕ್ಟೋಬರ್ 19, ನರೀನ್ ಊರು

ಬುರುಲ್ ಕೇಳಿದ ಮಾತು ತಲೆಯಿಂದ ಇಳಿಯುತ್ತಿಲ್ಲ. ಸಾಲ, ಬಡ್ಡಿ ಎಂದು ನಾನು ಹೆಂಗಸರಿಗೆ ಮಾಡುವ ಪಾಠಕ್ಕೆ ತಪ್ಪದೆ ಬರುವವಳು. ಮೊನ್ನೆ ಅವಳ ಗಂಡ ತೀರಿಕೊಂಡ. ಇಲ್ಲಿನ ಪದ್ಧತಿಯಂತೆ ಸಾಲ ಮಾಡಿಯಾದರೂ ಕುದುರೆ ಕೊಯ್ದು ಸಾವಿಗೆ ಬಂದವರಿಗೆ ಉಣಿಸಬೇಕೆಂದು ಮೈದುನ ಪಟ್ಟು ಹಿಡಿದಿದ್ದ. ಇಂದು ಮಣ್ಣು ಮಾಡುವ ಮೊದಲು ಅವಳು ಎಲ್ಲರೆದುರೇ ಹೇಳಿಬಿಟ್ಟಳು: “ಸಾಲ ಮಾಡಲ್ಲ. ಮನೇಲಿರೋ ಕುರೀನೇ ಸಾಕು.”

“ನಮ್ಮಣ್ಣನ ಬೆಲೆ ಒಂದು ಕುರೀನಾ ಅತ್ತಿಗೆ?” ಎಂದ ಮೈದುನ. ಆಮೇಲೆ ನನ್ನತ್ತ ತಿರುಗಿ, “ಇದು ನೀವು ಕಲಿಸಿದ್ದಲ್ವಾ, ಟೀಚರಮ್ಮ?” ಎಂದ.

“ಹೌದಪ್ಪ, ನಾನೇ,” ಎಂದೆ.

ಜನ ಉಂಡ ಶಾಸ್ತ್ರ ಮಾಡಿ ಬೇಗ ಎದ್ದು ಹೋದರು. ನಾನು ಬಟ್ಟಲು ತೊಳೆಯುತ್ತಿದ್ದೆ. ಬುರುಲ್ ಪಕ್ಕದಲ್ಲಿ ಬಂದು ಕೂತು ಮೆಲ್ಲಗೆ ಕೇಳಿದಳು: “ಅಕ್ಕಾ, ನಾನು ನಮ್ಮ ಯಜಮಾನ್ರನ್ನ ಗತಿ ಇಲ್ಲದವರ ಥರ ಕಳಿಸ್ಬಿಟ್ನಾ?”

ಚಳಿಗಾಲಕ್ಕೆ ಮಕ್ಕಳಿಗೆ ಹಿಟ್ಟು, ಕಲ್ಲಿದ್ದಲು ಉಳಿಯಿತಲ್ಲ ಎನ್ನಬಹುದಿತ್ತು. ಅದು ನಿಜವೂ ಹೌದು. ಆದರೆ ಅವಳು ಕೇಳಿದ್ದು ಅದನ್ನಲ್ಲ. ತೊಳೆದ ಬಟ್ಟಲನ್ನೇ ಮತ್ತೆ ತೊಳೆಯುತ್ತಾ ಕೂತೆ.

ಇಷ್ಟು ವರ್ಷ ಊರೂರು ತಿರುಗಿ ಹೇಳುತ್ತಾ ಬಂದದ್ದನ್ನು ಕೊನೆಗೂ ಒಬ್ಬಳು ಮಾಡಿ ತೋರಿಸಿದಳು. ಸಂತೋಷವಾಗಬೇಕಿತ್ತು. ಬರೆಯುತ್ತಿದ್ದಂತೆಯೇ ನಿದ್ದೆಗೆ ಕಣ್ಣು ಎಳೆಯುತ್ತಿದೆ. ಅವಳಿಗೆ ಈಗ ನಿದ್ದೆ ಬಂದಿದೆಯೋ, ಇಲ್ಲಾ ಇನ್ನೂ ಅದನ್ನೇ ಕೇಳಿಕೊಳ್ಳುತ್ತಾ…