ಕೆಂಚನ ಹರಿದ ಕಿವಿ

ತಾರೀಖು ೧೯, ಮಂಗಳವಾರ

ಯಜಮಾನರಿಗೆ ನಮಸ್ಕಾರಗಳು.

ಮೂರು ವಾರ ಉತ್ತರವಿಲ್ಲದೆ ಕಾಯಿಸಿದೆನೆಂದು ಬೇಸರ ಮಾಡಿಕೊಳ್ಳಬೇಡಿ. ಕಾಗದ ಹಿಡಿದಾಗಲೆಲ್ಲ ಕೈ ಹಿಂದೆ ಸರಿಯುತ್ತಿತ್ತು.

ನೀವು ಬರೆದದ್ದು ಸರಿ. ನಮ್ಮ ಕೆಂಚನ ಹರಿದ ಕಿವಿ ಎಡಗಡೆಯದು, ಚಿತ್ರದಲ್ಲಿ ಬಲಕ್ಕೆ ಬಂದಿದೆ. ನೀವು ಲಾರಿ ಓಡಿಸುತ್ತಿದ್ದಷ್ಟು ದಿನ ಆ ನಾಯಿ ನಿಮ್ಮ ಪಕ್ಕದ ಸೀಟು ಬಿಟ್ಟಿರಲಿಲ್ಲ. ಮನೆಗೆ ಬಂದರೂ ಮುಖ ನಿಮ್ಮ ಕಡೆಗೇ. ನನಗೆ ಪರಿಚಯವಿದ್ದದ್ದು ಅವನ ಬೆನ್ನು. ಹಿಂದಿನಿಂದ ಕಂಡದ್ದನ್ನು ಹಾಗೇ ಮುಂದಿನಿಂದ ಬರೆದುಬಿಟ್ಟೆ.

ಎದುರಿಗೆ ಕೂರಿಸಿಕೊಂಡು ಬರೆದರೆ ಈ ತಪ್ಪು ಹೇಗಾಗುತ್ತದೆ ಎಂದು ಕೇಳಿದ್ದೀರಿ. ಆಗುವುದಿಲ್ಲ. ಎದುರಿಗೆ ಯಾರೂ ಇರಲಿಲ್ಲ. ಕೆಂಚ ಸತ್ತು ಏಳು ತಿಂಗಳಾಯಿತು. ಜೈಲಿಗೆ ಕಳಿಸಿದ ನಾಲ್ಕು ಚಿತ್ರಗಳನ್ನೂ ನೆನಪಿನಿಂದಲೇ ಬರೆದೆ.

“ನನ್ನ ಲಾರಿಗೆ ಸಿಕ್ಕಿ ಹೋದ ಜೀವ ಕಣ್ಣಿಗೆ ಕಟ್ಟಿದೆ. ಕೆಂಚನಿಗೆ ನನ್ನ ಗುರುತು ಸಿಕ್ಕರೆ ಸಾಕು, ಹೇಗೋ ಬದುಕ್ತೀನಿ” ಎಂದು ನೀವೇ ಬರೆದಿದ್ದಿರಿ. ಅದನ್ನು ಓದಿದ ಮೇಲೆ ಅವನು ಸತ್ತನೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಶಾಲೆಯಲ್ಲಿ ಕಸ ಗುಡಿಸುವಾಗ ಸಿಕ್ಕ ಬಣ್ಣದ ತುಂಡುಗಳನ್ನು ಕೂಡಿಟ್ಟೆ. ಡ್ರಾಯಿಂಗ್ ಟೀಚರ್ ನೋಡಿ, “ಏನ್ ಆಯಮ್ಮಾ, ಇದು ನಾಯಿನೋ ಮೇಕೆನೋ? ಮೊದ್ಲು ಪೇಸ್ಟಲ್ ಹಚ್ಚಿ ಬೆರಳಲ್ಲಿ ತೀಡಿ. ಆಮೇಲೆ ಪೆನ್ಸಿಲಲ್ಲಿ ಒಂದೊಂದೇ ಕೂದಲು ಎಳೀರಿ” ಅಂದರು. ಹಾಗೇ ಮಾಡಿದೆ. ಮೂತಿಯ ಬಿಳಿಗೂದಲನ್ನು ಪ್ರತಿ ಚಿತ್ರಕ್ಕೂ ನಾಲ್ಕು ಹೆಚ್ಚಿಗೆ ಎಳೆದೆ, ಅವನಿಗೆ ವಯಸ್ಸಾಗುತ್ತಿದೆ ಎಂದು ನೀವು ನಂಬಲಿ ಅಂತ. ದೇವರ ಮುಂದೆ ಕೂತು ತಪ್ಪಾಯಿತೆಂದು ಬೇಡಿಕೊಳ್ಳುವುದು, ಎದ್ದು ಬಂದು ಅದೇ ಸುಳ್ಳಿಗೆ ಬಣ್ಣ ಹಚ್ಚುವುದು. ಇದೇ ಆಯಿತು ನನ್ನ ಬಾಳು.

ಅಲ್ಲಿ ಜೈಲಿನ ಜೊತೆಯವರು ಚಿತ್ರ ನೋಡಿ, “ಲೇ ಡ್ರೈವರ್, ನಿನ್ ಹೆಂಡ್ತಿ ನಾಯಿನ ನಿನಗಿಂತ ಚೆನ್ನಾಗಿ ಸಾಕಿದಾಳೆ” ಎಂದು ರೇಗಿಸುತ್ತಾರೆಂದು ಬರೆದಿದ್ದಿರಿ. ಆ ಕಾಗದವನ್ನು ಮಡಚಿ ಅಕ್ಕಿ ಡಬ್ಬಿಯ ಅಡಿಗೆ ಇಟ್ಟುಬಿಟ್ಟೆ.

ಮುಂದಿನ ತಿಂಗಳು ಬಿಡುಗಡೆ. ಗೇಟಿನಲ್ಲಿ ನಿಂತು ಅವನ ಹೆಸರು ಕೂಗುವ ಮೊದಲೇ ನಿಮಗೆ ಗೊತ್ತಿರಲಿ. ತಡೆದುಕೊಳ್ಳುವ ಶಕ್ತಿಯನ್ನು ದೇವರು ನಿಮಗೆ ಕೊಡಲಿ, ಆರೋಗ್ಯವಾಗಿ ಕರೆತರಲಿ.

ಇಂತಿ,
ನಿಮ್ಮ ಮನೆಯವಳು

ವಿ.ಸೂ.: ಹೇಗೆ ಸತ್ತ ಎಂದು ಕೇಳುತ್ತೀರಿ. ಹಿತ್ತಲಲ್ಲಿ, ಸರಪಳಿಯಲ್ಲೇ. ನಾಚಿಕೆಗೆ ಯಾರಿಗೂ ಹೇಳದೆ, ಎರಡು ದಿನದ ಅನ್ನ ನೀರು ಇಟ್ಟು ಆಸ್ಪತ್ರೆಗೆ ಹೋಗಿದ್ದೆ. ಗಡ್ಡೆಯ ಜೊತೆ ಒಂದು ಕಡೆಯ ಎದೆಯನ್ನೇ ತೆಗೆದರು. ಜ್ವರ ಏರಿ ಮೈಮೇಲೆ ಎಚ್ಚರವಿರಲಿಲ್ಲ. ಮನೆಗೆ ಬಂದದ್ದು ಒಂಬತ್ತನೆಯ ದಿನ. ಅದಾದ ಮೇಲೆ ನಿಮ್ಮಿಂದ ಹತ್ತು ಕಾಗದ ಬಂದಿವೆ. ಕೆಂಚ ಉಂಡನಾ, ಮಲಗಿದನಾ ಎಂದು ಎಲ್ಲದರಲ್ಲೂ ಇದೆ. ಇವತ್ತು ಹತ್ತನ್ನೂ ತೆಗೆದು ಮತ್ತೆ ಓದಿದೆ. ನೀನು ಹೇಗಿದ್ದೀಯ ಎಂಬ ಮಾತು ಒಂದರಲ್ಲೂ ಸಿಗಲಿಲ್ಲ.